ಸಾಕುವುದು ಮತ್ತು ಸಾಕೆನ್ನುವುದು

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕುರಿತ ನನ್ನ ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯವನ್ನು ಕಳೆದ ವರ್ಷ ವಿಭಾಗದ ಸೆಮಿನಾರಿನಲ್ಲಿ ಮಂಡಿಸಿದ್ದೆ. ಹಾರುವ ಓತಿಯೇ ಕಾದಂಬರಿಯ ಕೇಂದ್ರ, ಆರಂಭದ ಜೇನಿನ ಪ್ರಸಂಗ ಅಲ್ಲಿಗೆ ತಲುಪಿಸುವ ಮೆಟ್ಟಿಲು ಮಾತ್ರ ಎನ್ನುವುದು ನನ್ನ ವಾದವಾಗಿತ್ತು. ಕೊನೆಯಲ್ಲಿ ಓತಿ ಯಾರ ಕೈಗೂ ಸಿಗದೆ ತೇಲಿಹೋಗುತ್ತದೆ. ಕಾಡು ಮನುಷ್ಯನ ಲೆಕ್ಕಕ್ಕೆ ಸಿಗುವಂಥದ್ದಲ್ಲ ಎಂದು ಹೇಳಿ ಮುಗಿಸಿದ್ದೆ. ಪ್ರಾಣಿಶಾಸ್ತ್ರ ಓದುತ್ತಿರುವ ಗೆಳತಿಯೊಬ್ಬಳು ಎದ್ದು ಕೇಳಿದಳು: “ಕೈಗೆ ಸಿಗದ್ದು ಉಳಿಯುತ್ತೆ ಅಂತ ಯಾರು ಹೇಳಿದ್ದು? ಆಸ್ಟ್ರೇಲಿಯಾದಲ್ಲಿ ಮೊಸಳೆ ಉಳಿದದ್ದು ಅದರ ಮೊಟ್ಟೆಗೆ ಬೆಲೆ ಕಟ್ಟಿದ ಮೇಲೆ.” ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಆ ಮೊಸಳೆಗಳ ಬಗ್ಗೆ ಓದುತ್ತಾ ಹೋದೆ.

ಅವಳು ಹೇಳಿದ್ದು ಮುಕ್ಕಾಲು ಪಾಲು ನಿಜ. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಚರ್ಮಕ್ಕಾಗಿ ಉಪ್ಪುನೀರಿನ ಮೊಸಳೆಗಳನ್ನು ಎಗ್ಗಿಲ್ಲದೆ ಕೊಂದರು. 1971ರಲ್ಲಿ ಬೇಟೆ ನಿಷೇಧವಾಗುವ ಹೊತ್ತಿಗೆ ಉಳಿದಿದ್ದವು ಸುಮಾರು 3,000. ಅಂದರೆ ಮೊದಲು ಬಂದದ್ದು ಬೆಲೆಯಲ್ಲ, ಕಾನೂನು. ಆದರೆ ಮೊಸಳೆಗಳು ಹೆಚ್ಚಿದಂತೆ ಜನರ ಮೇಲಿನ ದಾಳಿಗಳೂ ವರದಿಯಾಗತೊಡಗಿದವು. ಮನುಷ್ಯನನ್ನು ತಿನ್ನುವ ಪ್ರಾಣಿಗೆ ಜೌಗು ಬಿಟ್ಟುಕೊಡಬೇಕೇಕೆ ಎಂಬ ಪ್ರಶ್ನೆ ಎದ್ದಿತು. 1980ರ ದಶಕದಲ್ಲಿ ಕಾಡಿನ ಗೂಡುಗಳಿಂದ ಮೊಟ್ಟೆ ಸಂಗ್ರಹಿಸಿ ಫಾರ್ಮುಗಳಲ್ಲಿ ಮರಿ ಮಾಡಿಸುವ ಪದ್ಧತಿ ಶುರುವಾಯಿತು. ಮೊಟ್ಟೆಯ ಹಣ ಜಮೀನಿನವರಿಗೆ ಸಲ್ಲುತ್ತದೆ. ಅವರಲ್ಲಿ ಅನೇಕರು ಆದಿವಾಸಿಗಳು. ಹೇಗೂ ಮಳೆಗಾಲದ ನೆರೆಯಲ್ಲಿ ಬಹುಪಾಲು ಮೊಟ್ಟೆಗಳು ಕೊಳೆತುಹೋಗುತ್ತವೆ. ಹಾಗಾಗಿ ಸಂಗ್ರಹದಿಂದ ಸಂತತಿಗೆ ಪೆಟ್ಟು ಬೀಳಲಿಲ್ಲ. ಇಂದು ಅಲ್ಲಿ ಸುಮಾರು ಒಂದು ಲಕ್ಷ ಮೊಸಳೆಗಳಿವೆ.

ಇದೇ ವಾದವನ್ನು ಹುಲಿಗೂ ಹೂಡಲಾಗಿದೆ. ಚೀನಾದಲ್ಲಿ ಹುಲಿ ಫಾರ್ಮುಗಳು ಆರಂಭವಾದದ್ದು 1986ರಲ್ಲಿ. 1993ರಲ್ಲಿ ಅಲ್ಲಿನ ಸರ್ಕಾರ ಹುಲಿ ಮೂಳೆಯ ವ್ಯಾಪಾರವನ್ನು ನಿಷೇಧಿಸಿತು, ಫಾರ್ಮುಗಳು ಮುಚ್ಚಲಿಲ್ಲ. ಸಾಕಿದ ಹುಲಿಯ ಮೂಳೆ ಪೇಟೆಗೆ ಬಂದರೆ ಕಾಡಿನ ಹುಲಿಯನ್ನು ಯಾರೂ ಕೊಲ್ಲುವುದಿಲ್ಲ ಎಂಬುದು ಅವುಗಳ ಸಮರ್ಥಕರ ಮಾತು. ಆದರೆ ಹುಲಿಯೊಂದನ್ನು ವರ್ಷಗಟ್ಟಲೆ ಮಾಂಸ ಹಾಕಿ ಬೆಳೆಸುವ ಖರ್ಚೆಲ್ಲಿ, ಕಳ್ಳಬೇಟೆಗಾರನ ಒಂದು ಉರುಳಿನ ಖರ್ಚೆಲ್ಲಿ? ಸಾಲದ್ದಕ್ಕೆ, ಸಾಕಿದ ಮೂಳೆಯ ಮರೆಯಲ್ಲಿ ಕಾಡಿನ ಮೂಳೆಯನ್ನೂ ಮಾರಬಹುದು. 2007ರಲ್ಲಿ ಸೈಟಿಸ್ ಒಪ್ಪಂದದ ದೇಶಗಳು, ಅಂಗಾಂಗಗಳ ವ್ಯಾಪಾರಕ್ಕಾಗಿ ಹುಲಿಗಳನ್ನು ಬೆಳೆಸಬಾರದು ಎಂದು ತೀರ್ಮಾನಿಸಿದವು. ಚೀನಾದ ಪಂಜರಗಳಲ್ಲಿ ಈಗಲೂ ಸಾವಿರಾರು ಹುಲಿಗಳಿವೆ, ಕಾಡಿನಲ್ಲಿ ಬೆರಳೆಣಿಕೆಯಷ್ಟು.

‘ಬೆಲೆಯಿದ್ದರೆ ಉಳಿಯುತ್ತದೆ’ ಎಂಬ ಒಂದೇ ವಾಕ್ಯ ಎರಡೂ ಕಡೆ ಇದೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಕೇಳಬೇಕಾದದ್ದು ಆ ವಾಕ್ಯದ ಕರ್ತೃಪದ ಯಾವುದು ಎಂದು. ಮೊಸಳೆಯ ವಿಷಯದಲ್ಲಿ ಬೆಲೆ ಬಂದದ್ದು ಜೌಗಿಗೆ. ಪ್ರತಿ ವರ್ಷ ಮೊಟ್ಟೆಗಾಗಿ ಫಾರ್ಮು ಅಲ್ಲಿಗೇ ಮರಳಬೇಕು. ಹುಲಿಯ ವಿಷಯದಲ್ಲಿ ಬೆಲೆ ಬಂದದ್ದು ಮೂಳೆಗೆ. ಆ ಫಾರ್ಮಿಗೆ ಕಾಡೇ ಬೇಡ. ನಾಳೆ ಮೊಸಳೆ ಫಾರ್ಮುಗಳೂ ತಮ್ಮ ಮೊಟ್ಟೆಯನ್ನೆಲ್ಲ ತಾವೇ ಇಡಿಸಿಕೊಂಡರೆ ಜೌಗಿನ ಬೆಲೆ ಕುಸಿಯುತ್ತದೆ, ಸಂರಕ್ಷಣೆಯ ವಾದವೂ ಅದರ ಜೊತೆಗೇ.

ಭಾರತ ಬೇರೆ ದಾರಿ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1975ರ ಮೊಸಳೆ ಯೋಜನೆಗಳ ನಂತರವೂ ನಮ್ಮಲ್ಲಿ ಮೊಸಳೆ ಚರ್ಮದ ವ್ಯಾಪಾರಕ್ಕೆ ದಾರಿ ತೆರೆಯಲಿಲ್ಲ. ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳು ಯಾವ ಫಾರ್ಮಿನ ಹಂಗಿನಲ್ಲೂ ಇಲ್ಲ. ಆದರೆ ನಿಷೇಧದ ಖರ್ಚನ್ನು ಯಾರು ಹೊರಬೇಕು? ಹಾವಿನ ಚರ್ಮದ ವ್ಯಾಪಾರ ನಿಂತಾಗ ತಮಿಳುನಾಡಿನ ಇರುಳರ ಅನ್ನವೂ ಹೋಯಿತು. 1978ರಲ್ಲಿ ಅವರ ಸಹಕಾರ ಸಂಘ ಹುಟ್ಟಿತು. ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷದಿಂದ ಹಾವು ಕಡಿತಕ್ಕೆ ಔಷಧ ತಯಾರಾಗುತ್ತದೆ. ಇದನ್ನು ಓದುವಾಗ ಮಂದಣ್ಣ ನೆನಪಾದ. ಕಾಡನ್ನು ಬಲ್ಲವನ ತಿಳಿವಳಿಕೆಗೆ ಪೇಟೆ ಕೊಡುವ ಬೆಲೆ ಎಷ್ಟು ಎಂಬ ಪ್ರಶ್ನೆ ‘ಕರ್ವಾಲೊ’ದೊಳಗೂ ಇದೆ, ನಾನು ಗಮನಿಸಿರಲಿಲ್ಲ.

ಹಾಗಾಗಿ ಜೇನಿಗೆ ಮರಳಿದೆ. ಪೊಟರೆಯಿಂದಲೋ ಹುತ್ತದಿಂದಲೋ ಹಿಡಿದು ತಂದ ತುಡುವೆ ಕುಟುಂಬ ಪೆಟ್ಟಿಗೆಯಲ್ಲಿ ಇರುತ್ತದೆ, ಆದರೆ ಪೆಟ್ಟಿಗೆಗೆ ಬಾಗಿಲಿದೆ. ಇದ್ದಬದ್ದ ತುಪ್ಪವನ್ನೆಲ್ಲ ತೆಗೆದುಬಿಟ್ಟರೆ ಒಂದು ಬೆಳಗ್ಗೆ ಪೆಟ್ಟಿಗೆ ಖಾಲಿ. ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಹೌದು, ಇಷ್ಟಕ್ಕೆ ನಿಲ್ಲಿಸು ಎಂದೂ ಹೌದು. ಜೇನು ಸಾಕುವವರಿಗೆ ಆ ಎರಡನೆಯ ಅರ್ಥವನ್ನು ಜೇನೇ ಕಲಿಸುತ್ತದೆ. ಮೊಸಳೆಯ ಪರವಾಗಿ ಸರ್ಕಾರ ಮೊಟ್ಟೆ ಸಂಗ್ರಹಕ್ಕೆ ವಾರ್ಷಿಕ ಮಿತಿ ಹಾಕಬೇಕಾಗುತ್ತದೆ. ಪಂಜರದ ಹುಲಿಗೆ ಆ ಮಾತು ಹೇಳಲು ಬಾಯೂ ಇಲ್ಲ, ಬಾಗಿಲೂ ಇಲ್ಲ.

ಅಧ್ಯಾಯವನ್ನು ತಿದ್ದಿ ಬರೆಯುತ್ತಿದ್ದೇನೆ. ಓತಿಯನ್ನು ಕೇಂದ್ರದಿಂದ ಕದಲಿಸಿಲ್ಲ. ಜೇನು ಪೆಟ್ಟಿಗೆಯನ್ನು ಅದರ ಪಕ್ಕಕ್ಕೆ ತಂದಿಟ್ಟಿದ್ದೇನೆ. ಗೆಳತಿಗೆ ಕರಡು ಕಳಿಸಿದ್ದೇನೆ. ಅವಳು ಇನ್ನೂ ಒಪ್ಪಿಲ್ಲ.