ಮಳೆ ಸರಿಯಿದೆ, ಹೊಳೆ ಎಲ್ಲಿ? ಹವಾಮಾನ ಮಾದರಿಗಳ ಮೌಲ್ಯಮಾಪನ ಓದುವ ರಸಿಕರಿಗೊಂದು ಕೈಪಿಡಿ

ಪ್ರಾದೇಶಿಕ ಹವಾಮಾನ ಮಾದರಿಯೊಂದರ ಮೌಲ್ಯಮಾಪನವನ್ನು ಮೊದಲ ಸಲ ಓದುವವರ ಕಣ್ಣು ನೇರ ಮೂರು ನಕ್ಷೆಗಳ ಕಡೆಗೆ ಹೋಗುತ್ತದೆ. ಒಂದರಲ್ಲಿ ಅಳೆದ ಮಳೆ, ಇನ್ನೊಂದರಲ್ಲಿ ಕಂಪ್ಯೂಟರ್ ಸುರಿಸಿದ ಮಳೆ, ಮೂರನೆಯದರಲ್ಲಿ ಎರಡರ ವ್ಯತ್ಯಾಸ. ಮೂರನೆಯದರಲ್ಲಿ ಬಣ್ಣ ಕಡಿಮೆಯಿದ್ದರೆ ಮಾದರಿ ಚೆನ್ನಾಗಿದೆ ಎಂದುಕೊಂಡು ಪುಟ ತಿರುಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಇಂಥ ಬರವಣಿಗೆಯ ಸೊಗಸಿರುವುದು ಬಿದ್ದ ಮಳೆ ಆಮೇಲೆ ಎಲ್ಲಿಗೆ ಹೋಯಿತು ಎಂದು ಬೆನ್ನುಹತ್ತಿ ಹೋಗುವುದರಲ್ಲಿ.

ಓದುವ ಅಭ್ಯಾಸಕ್ಕೆ ಪಶ್ಚಿಮ ಘಟ್ಟ ಬಲು ಒಳ್ಳೆಯ ಜಾಗ. ಕಡಲಿನಿಂದ ನೇರ ರೇಖೆಯಲ್ಲಿ ಸುಮಾರು 40 ಕಿ.ಮೀ. ದೂರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ 200 ಕಿ.ಮೀ. ಒಳಗೇ ಇರುವ ಚಳ್ಳಕೆರೆಯಲ್ಲಿ 500ರ ಆಸುಪಾಸು. ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮ 2009ರಲ್ಲಿ ಆರಂಭಿಸಿದ, ಪ್ರಾದೇಶಿಕ ಮಾದರಿಗಳ ಕಾರ್ಡೆಕ್ಸ್ ಯೋಜನೆಯಲ್ಲಿ ದಕ್ಷಿಣ ಏಷ್ಯಾದ ಮೊದಲ ಪ್ರಯೋಗಗಳು ಸುಮಾರು 50 ಕಿ.ಮೀ. ಅಗಲದ ಚೌಕಗಳಲ್ಲಿ ನಡೆದವು. ಆಗುಂಬೆಯಿಂದ ಚಳ್ಳಕೆರೆಗೆ ನಾಲ್ಕೇ ಚೌಕ! ಕರಾವಳಿ, ಘಾಟಿ, ಮಲೆನಾಡು ಎಲ್ಲವೂ ಒಂದೆರಡು ಚೌಕಗಳ ಸರಾಸರಿಯಲ್ಲಿ ಕರಗಬೇಕು. 30–40 ಕಿ.ಮೀ. ಅಗಲದ ಪಾಲಕ್ಕಾಡ್ ಕಣಿವೆಯಂತೂ ಅಂಥ ಗ್ರಿಡ್ಡಿನಲ್ಲಿ ಮುಚ್ಚಿಹೋದ ಹಾಗೆಯೇ. ಆದ್ದರಿಂದ ಒಟ್ಟು ಮಳೆ ಎಷ್ಟೆಂದು ನೋಡುವ ಮೊದಲು, ಅತಿ ಹೆಚ್ಚು ಮಳೆ ಎಲ್ಲಿ ಬಿದ್ದಿದೆ, ಮಳೆನೆರಳು ಎಲ್ಲಿಂದ ಶುರುವಾಗಿದೆ ಎಂದು ನೋಡಿ. ಗುಡ್ಡ ತಗ್ಗಾದ ಮಾದರಿಯಲ್ಲಿ ಮೋಡ ಬಯಲುಸೀಮೆಗೆ ದಾಟುವುದು ಸುಲಭ.

ಪ್ರಾದೇಶಿಕ ಮಾದರಿಗೆ ಗಡಿಯಾಚೆಯ ಗಾಳಿ, ತೇವಗಳನ್ನು ಯಾರೋ ಒದಗಿಸಬೇಕು. ಒದಗಿಸಿದವರು ಯಾರೆಂದು ತಿಳಿಯದೆ ತೀರ್ಪು ಕೊಡಬಾರದು. ಅಳತೆಗಳನ್ನು ಬೆಸೆದು ಕಟ್ಟಿದ ಇಆರ್‌ಎ-5ರಂಥ ಮರುವಿಶ್ಲೇಷಣೆಯಿಂದ ಗಡಿ ಪಡೆದ ಪ್ರಯೋಗದಲ್ಲಿ 2002ರ ಬರವನ್ನು ಹುಡುಕುವುದು ನ್ಯಾಯ. ಜಾಗತಿಕ ಮಾದರಿಯಿಂದ ಗಡಿ ಪಡೆದಿದ್ದರೆ ಅದರ 2002 ನಾವು ಬಾಳಿದ 2002 ಅಲ್ಲವೇ ಅಲ್ಲ. ಅಲ್ಲಿ ಹಲವು ದಶಕಗಳ ಸರಾಸರಿ ಮತ್ತು ಏರಿಳಿತವನ್ನಷ್ಟೇ ಕೇಳಬಹುದು.

ಈಗ ಮುಖ್ಯ ಮಾತು. ಒಂದು ಜಲಾನಯನ ಪ್ರದೇಶದ ನೀರನ್ನು ಮನೆಯ ಜಮಾಖರ್ಚಿನಂತೆ ಬರೆದಿಡಬಹುದು. ಮಳೆ ಜಮೆ, ಆವಿಯಾದದ್ದು, ಹೊಳೆಯಲ್ಲಿ ಹರಿದದ್ದು ಖರ್ಚು, ಮಣ್ಣಿನಲ್ಲಿ, ಅಂತರ್ಜಲದಲ್ಲಿ ನಿಂತದ್ದು ಉಳಿಕೆ. ಉದಾಹರಣೆಗೆ ವರ್ಷದ ಮಳೆ 1,000 ಮಿ.ಮೀ., ಆವಿ 650, ಹೊಳೆಗೆ 350 ಎಂದಿಟ್ಟುಕೊಳ್ಳಿ. ಮಾದರಿ ಮಳೆಯನ್ನು 1,100 ಮಾಡಿ ಆವಿಯನ್ನು ಸರಿಯಾಗಿಯೇ ಲೆಕ್ಕಹಾಕಿದರೆ ಹೊಳೆಗೆ 450 ಬರುತ್ತದೆ. ಮಳೆಯ ಶೇ. 10ರ ತಪ್ಪು ಹೊಳೆಯಲ್ಲಿ ಶೇ. 29ರ ತಪ್ಪಾಯಿತು. ಇನ್ನೊಂದು ಮಾದರಿ ಮಳೆಯನ್ನು ಕರಾರುವಾಕ್ಕಾಗಿ 1,000 ಎಂದೇ ಕೊಟ್ಟು 800ನ್ನು ಆವಿಮಾಡಿಬಿಟ್ಟರೆ? ಮಳೆಯ ನಕ್ಷೆ ನಿಷ್ಕಳಂಕ, ಹೊಳೆ ಬಡಕಲು. ಅದಕ್ಕೇ ಮಳೆಯೊಂದನ್ನೇ ತೋರಿಸಿ ಮುಗಿಸುವ ಮೌಲ್ಯಮಾಪನ ನನಗೆ ಅರ್ಧ ಕೆಲಸ ಅನ್ನಿಸುತ್ತದೆ.

ಆವಿಯ ಅಂಕಿ ತಪ್ಪಿದರೆ ಅದು ನೀರಿಗಷ್ಟೇ ನಿಲ್ಲುವುದಿಲ್ಲ. ದಿನಕ್ಕೆ 1 ಮಿ.ಮೀ. ನೀರು ಆವಿಯಾಗಲು ಪ್ರತಿ ಚದರ ಮೀಟರಿಗೆ ಸುಮಾರು 29 ವಾಟ್ ಶಕ್ತಿ ಬೇಕು. ಮಣ್ಣು ಒಣಗಿದರೆ ಆ ಶಕ್ತಿ ಗಾಳಿಯನ್ನು ಕಾಯಿಸುತ್ತದೆ. ಯುರೋಪಿನ ಡ್ಯಾನ್ಯೂಬ್ ಜಲಾನಯನದಲ್ಲಿ ಹಲವು ಪ್ರಾದೇಶಿಕ ಮಾದರಿಗಳಿಗೆ ಅಂಟಿದ್ದ ‘ಬೇಸಿಗೆ ಒಣಗು’ ಇಂಥದ್ದೇ: ಬೇಸಿಗೆ ನಿಜಕ್ಕಿಂತ ಒಣ, ನಿಜಕ್ಕಿಂತ ಬಿಸಿ. ಸಂಶೋಧಕರು ಮಳೆ, ಆವಿ, ಹರಿವು, ತೇವದ ಸಾಗಣೆ ಎಲ್ಲವನ್ನೂ ಒಟ್ಟಿಗೆ ಹರಡಿಕೊಂಡು ನೋಡಿದಾಗ, ಒಂದೇ ರೋಗದಂತೆ ಕಂಡದ್ದಕ್ಕೆ ಬೇರೆ ಬೇರೆ ಕಾರಣಗಳಿದ್ದವು. ಕೆಲವು ಮಾದರಿಗಳಲ್ಲಿ ತಪ್ಪಿದ್ದು ಗಾಳಿಯ ಚಲನೆ, ಕೆಲವುಗಳಲ್ಲಿ ನೆಲದ ಲೆಕ್ಕ. ತಪ್ಪು ಇದೆ ಎನ್ನುವುದರಿಂದ ತಪ್ಪು ಎಲ್ಲಿದೆ ಎನ್ನುವಲ್ಲಿಗೆ ಬರುವ ಈ ದಾರಿಯನ್ನು ನಿಧಾನವಾಗಿ ಓದಿ. ಒಳ್ಳೆಯ ಪತ್ತೇದಾರಿ ಕೆಲಸ ನೋಡಿದ ಖುಷಿ ಅಲ್ಲಿದೆ.

ಮಳೆ ಸುರಿಯುವ ರೀತಿಯನ್ನೂ ಗಮನಿಸಿ. ಎಷ್ಟೋ ಮಾದರಿಗಳಲ್ಲಿ ದಿನವೂ ಜಿಟಿಜಿಟಿ, ಧೋ ಎನ್ನುವ ಮಳೆ ಅಪರೂಪ. ತಿಂಗಳ ಮೊತ್ತ ಮಾತ್ರ ಸರಿ. ಜಿಟಿಜಿಟಿ ಮಳೆ ಎಲೆಯ ಮೇಲೆಯೇ ಆವಿಯಾಗುತ್ತದೆ, ಜೋರುಮಳೆ ಹಳ್ಳಕ್ಕೆ ಇಳಿಯುತ್ತದೆ. ಗಂಟೆಯ ಲೆಕ್ಕವೂ ಹಾಗೆಯೇ: ಒಳನಾಡಿನಲ್ಲಿ ಗುಡುಗುಮಳೆ ಇಳಿಹೊತ್ತಿನಲ್ಲೋ ಸಂಜೆಗೋ ಬಂದರೆ, ಗುಡುಗುಮೋಡವನ್ನು ಅಂದಾಜಿನ ಸೂತ್ರದಿಂದ ಲೆಕ್ಕಹಾಕುವ ಮಾದರಿಗಳು ಅದನ್ನು ನಡುಮಧ್ಯಾಹ್ನಕ್ಕೇ ಸುರಿಸಿಬಿಡುತ್ತವೆ. ಚೌಕ 4 ಕಿ.ಮೀ.ಗಿಂತ ಚಿಕ್ಕದಾಗಿ, ಮೋಡವನ್ನು ನೇರವಾಗಿಯೇ ಬಿಡಿಸಿದಾಗ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ.

ಅಳತೆಯ ಮೇಲೂ ಒಂದು ಕಣ್ಣಿರಲಿ. ಭಾರತೀಯ ಹವಾಮಾನ ಇಲಾಖೆಯ ಕಾಲು ಡಿಗ್ರಿ ಚೌಕದ ದೈನಿಕ ಮಳೆ ದಾಖಲೆ 1901ರಿಂದ ಇದೆ, ಅಮೂಲ್ಯವಾದದ್ದು. ಆದರೆ ಕಡಿದಾದ ಕಾಡಿನ ಇಳಿಜಾರಿನಲ್ಲಿ ಮಳೆಮಾಪಕಗಳು ವಿರಳ, ಬಿರುಗಾಳಿಯಲ್ಲಿ ಮಾಪಕ ಹನಿಗಳನ್ನು ಕಳೆದುಕೊಳ್ಳುತ್ತದೆ. ಉಳಿಕೆ ನೀರನ್ನು ಗುರುತ್ವದಿಂದ ತೂಗಿದ ಗ್ರೇಸ್ ಉಪಗ್ರಹಜೋಡಿ 2002ರಿಂದ 2017ರವರೆಗೆ ನೆರವಾಯಿತು, 2018ರಿಂದ ಅದರ ಉತ್ತರಾಧಿಕಾರಿ ಇದೆ. ಅವುಗಳ ನೋಟ ಮಾತ್ರ ನೂರಾರು ಕಿ.ಮೀ.ಗಳಷ್ಟು ಒರಟು. ಒಂದಕ್ಕಿಂತ ಹೆಚ್ಚು ಅಳತೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದ ಲೇಖಕರನ್ನು ನಂಬಿ.

ಕಾವೇರಿಯ ಬಗ್ಗೆ ಇಂಥ ಅಧ್ಯಯನ ಸಿಕ್ಕರೆ ಮೊದಲು ವಿಧಾನದ ಭಾಗಕ್ಕೇ ಹೋಗಿ. 81,155 ಚದರ ಕಿ.ಮೀ. ಜಲಾನಯನದ ಈ ನದಿ ಅಣೆಕಟ್ಟು, ನಾಲೆಗಳ ನಡುವೆ ಹರಿಯುತ್ತದೆ. ಎಷ್ಟೋ ಮಾದರಿಗಳಲ್ಲಿ ಅಣೆಕಟ್ಟೂ ಇಲ್ಲ, ನಾಲೆಯೂ ಇಲ್ಲ. ಮಂಡ್ಯದ ಗದ್ದೆಯಿಂದ ಆವಿಯಾಗುವ ನೀರಿನಲ್ಲಿ ಕೊಡಗಿನಲ್ಲಿ ಬಿದ್ದ ಮಳೆಯೂ ಇದೆ, ಮಾದರಿಗೆ ಅದು ಗೊತ್ತಿಲ್ಲ. ಹೋಲಿಕೆಗೆ ಬಳಸಿದ ಹರಿವನ್ನು ಕೃಷ್ಣರಾಜಸಾಗರದ ಮೇಲೆ ಅಳೆದದ್ದೋ ಕೆಳಗೋ, ನಾಲೆಗೆ ಹೋದ ನೀರನ್ನು ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೋ ಇಲ್ಲವೋ ನೋಡಿ. ಮಳೆಯ ನಕ್ಷೆಗಳನ್ನು ಆಮೇಲೆ ತೆರೆಯಿರಿ.