ತಿದ್ದುವುದು ಎಂದರೇನು: ಚುಕ್ಕಿ ಅಕ್ಷರದ ಪುಸ್ತಕಗಳ ಕುರಿತು

ಮೂರರಿಂದ ಆರು ವರ್ಷದೊಳಗಿನ ಮಕ್ಕಳಿಗೆ ಬರಹ ಕಲಿಸುವ ಸಾಧನಗಳಲ್ಲಿ ಚುಕ್ಕಿ ಅಕ್ಷರದ ಪುಸ್ತಕಕ್ಕೆ, ಅಂದರೆ ಅಕ್ಷರದ ಆಕಾರವನ್ನು ಚುಕ್ಕಿಗಳ ಸಾಲಾಗಿ ಅಚ್ಚುಹಾಕಿ ಅದರ ಮೇಲೆ ಮಗು ಪೆನ್ಸಿಲ್ ಆಡಿಸುವಂತೆ ಮಾಡಿದ ಪುಸ್ತಕಕ್ಕೆ, ದೊರೆತಷ್ಟು ಮನ್ನಣೆ ಬೇರೆ ಯಾವುದಕ್ಕೂ ದೊರೆತಿಲ್ಲ. ಎಲ್‌ಕೆಜಿ, ಯುಕೆಜಿ ತರಗತಿಗಳ ಪುಸ್ತಕಪಟ್ಟಿಯಲ್ಲಿ ಅದಕ್ಕೆ ಖಾಯಂ ಸ್ಥಾನವಿದೆ. ಅದರಿಂದ ಅಕ್ಷರಜ್ಞಾನವೂ ಬರುತ್ತದೆ, ಬೆರಳುಗಳ ಸೂಕ್ಷ್ಮ ಚಲನೆಯೂ ಹದಗೊಳ್ಳುತ್ತದೆ ಎಂಬ ನಂಬಿಕೆ ತಂದೆತಾಯಿಗಳಲ್ಲಿಯೂ ಶಿಕ್ಷಕಿಯರಲ್ಲಿಯೂ ಬೇರೂರಿದೆ. ಕನ್ನಡ ಲಿಪಿಯ ಮಟ್ಟಿಗೆ ಈ ಎರಡು ನಂಬಿಕೆಗಳೂ ನಿಲ್ಲುವಂಥವಲ್ಲ. 1907ರಲ್ಲಿ ರೋಮ್ ನಗರದಲ್ಲಿ ಶಿಕ್ಷಣತಜ್ಞೆ ಮಾಂಟೆಸ್ಸರಿ ಆರಂಭಿಸಿದ ಮಕ್ಕಳ ಮನೆಯಿಂದ ಹಿಡಿದು ಗುಜರಾತಿನ ಶಿಕ್ಷಣತಜ್ಞ ಗಿಜುಭಾಯಿಯವರ ಬಾಲಮಂದಿರ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯವರೆಗಿನ ಚರಿತ್ರೆ ಈ ಕ್ಷೇತ್ರದವರಿಗೆಲ್ಲ ತಿಳಿದಿರುವುದರಿಂದ ಅದನ್ನು ಇಲ್ಲಿ ಮತ್ತೆ ಬಿಡಿಸಿ ಹೇಳಬೇಕಾಗಿಲ್ಲ. ನೋಡಬೇಕಾದದ್ದು ಅಂಥ ಪುಸ್ತಕದ ಒಂದೇ ಒಂದು ಪುಟವನ್ನು.

ಆ ಪುಟ ‘ರ’ ಅಕ್ಷರದ್ದಾಗಿರಲಿ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಕ್ರಮವನ್ನು ಹಿಡಿದ ಮೇಲೆ ಕರ್ನಾಟಕದ ಬಹಳಷ್ಟು ಮಕ್ಕಳ ಮೊದಲ ಅಕ್ಷರ ‘ಅ’ ಅಲ್ಲ, ‘ರ’. ಈ ಅಕ್ಷರಕ್ಕೆ ಎರಡು ಅಂಗಗಳಿವೆ: ಕೆಳಗೊಂದು ಸುತ್ತು, ಮೇಲೊಂದು ತಲಕಟ್ಟು. ಬರೆಯಬಲ್ಲವನ ಕೈ ಆ ಸುತ್ತನ್ನು ಒಂದೇ ಎಳೆಯಲ್ಲಿ ಮುಗಿಸುತ್ತದೆ. ಚುಕ್ಕಿಗಳ ಮೇಲೆ ಹೊರಟ ಮಗುವಾದರೋ ಒಂದು ಚುಕ್ಕಿಯಿಂದ ಮುಂದಿನ ಚುಕ್ಕಿಗೆ ಗೀಟೆಳೆದು ನಿಲ್ಲುತ್ತದೆ, ಅದರಾಚೆಯದನ್ನು ಹುಡುಕುತ್ತದೆ, ಮತ್ತೆ ಗೀಟೆಳೆಯುತ್ತದೆ. ಹೀಗೆ ಹತ್ತಾರು ತುಂಡು ಗೆರೆಗಳು ಸೇರಿ ಕಾಗದದ ಮೇಲೆ ಸುತ್ತೊಂದು ಮೂಡುತ್ತದೆಯೇ ಹೊರತು ಸುತ್ತುವ ಚಲನೆ ಕೈಗೆ ಬರುವುದಿಲ್ಲ. ಎಲ್ಲಿಂದ ಹೊರಟರೂ, ಯಾವ ದಿಕ್ಕಿಗೆ ತಿರುಗಿದರೂ ಪುಟ ತುಂಬಿದಾಗ ಕಾಣುವ ಅಕ್ಷರ ಒಂದೇ ಆದ್ದರಿಂದ ಮಗು ಎಡವಿದ್ದೆಲ್ಲಿ ಎಂಬುದು ಶಿಕ್ಷಕಿಗೆ ತಿಳಿಯುವ ದಾರಿಯೇ ಇಲ್ಲ. ಪುಟ ಅಚ್ಚುಕಟ್ಟಾಗಿದೆಯೆಂದು ನಕ್ಷತ್ರದ ಗುರುತು ಬೀಳುತ್ತದೆ.

ಇದಕ್ಕಿಂತ ದೊಡ್ಡ ದೋಷವೊಂದಿದೆ. ಕನ್ನಡದಲ್ಲಿ ಚುಕ್ಕಿಯೇ ಅಕ್ಷರದ ಅಂಗ. ‘ರ’ದ ಸುತ್ತಿನೊಳಗೆ ಒಂದು ಚುಕ್ಕಿಯಿಟ್ಟರೆ ಅದು ‘ಠ’. ‘ದ’ದ ಅಡಿಗೆ ಒಂದು ಗೀಟು ಎಳೆದರೆ ‘ಧ’, ಗೀಟಿನ ಜೊತೆಗೆ ಒಳಗೊಂದು ಚುಕ್ಕಿಯನ್ನೂ ಇಟ್ಟರೆ ‘ಥ’. ದಾರಿ ತೋರುವ ಚುಕ್ಕಿ ಯಾವುದು, ಅಕ್ಷರವೇ ಆಗಿರುವ ಚುಕ್ಕಿ ಯಾವುದು ಎಂಬುದನ್ನು ಅಚ್ಚಿನ ಪುಟ ಬೇರ್ಪಡಿಸಿ ತೋರಿಸುವುದಿಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ರೂಢಿಗೆ ಬಂದ ಉಪಾಯವನ್ನು ಲಿಪಿಯ ಸ್ವಭಾವ ನೋಡದೆ ತಂದು ಕೂಡಿಸಿದ್ದರ ಫಲವಿದು. ತಲಕಟ್ಟಿನ ಪಾಡೂ ಇದಕ್ಕಿಂತ ಬೇರೆಯಲ್ಲ. ಗುಣಿತಾಕ್ಷರಕ್ಕೆ ಹೋದಾಗ ‘ರಿ’ಯಲ್ಲಿ ತಲಕಟ್ಟು ಬಿದ್ದುಹೋಗಿ ಗುಡಿಸು ಬರುತ್ತದೆ, ‘ರಾ’ದಲ್ಲಿ ಅದರ ಜಾಗಕ್ಕೆ ಇಳಿ ಬರುತ್ತದೆ, ‘ರು’ವಿನಲ್ಲಾದರೆ ತಲಕಟ್ಟು ಉಳಿದು ಕೊಂಬು ಸೇರುತ್ತದೆ. ತಲಕಟ್ಟು ಬಿಡಿಸಿ ತೆಗೆಯಬಹುದಾದ ಅಂಗವೆಂದು ಕೈಗೆ ಗೊತ್ತಾಗಿದ್ದರೆ ಮಾತ್ರ ಈ ವ್ಯವಸ್ಥೆ ಅರ್ಥವಾಗುತ್ತದೆ. ಚುಕ್ಕಿಗಳ ಒಂದೇ ಗುಂಪಾಗಿ ‘ರ’ವನ್ನು ಕಂಡ ಮಗುವಿಗೆ ಗುಣಿತದ ಪ್ರತಿಯೊಂದು ರೂಪವೂ ಹೊಸ ಚಿತ್ರ. ಕನ್ನಡ ಓದುವ ಮಕ್ಕಳನ್ನು ಕುರಿತ ಸೋನಾಲಿ ನಾಗ್ ಅವರ 2007ರ ಅಧ್ಯಯನವು ಅಕ್ಷರಕಲಿಕೆ ಮೊದಲ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಸಾಗುತ್ತದೆಂದು ತೋರಿಸಿದೆ. ಅಷ್ಟು ದೂರದ ದಾರಿಗೆ ಬುತ್ತಿಯಾಗಬೇಕಾದದ್ದು ಅಂಗಗಳ ಅರಿವು, ತುಂಬಿದ ಪುಟಗಳ ಲೆಕ್ಕವಲ್ಲ.

ಈ ಪುಸ್ತಕಗಳನ್ನು ಸಮರ್ಥಿಸುವವರು ಸಾಮಾನ್ಯವಾಗಿ ಪರಂಪರೆಯ ಮೊರೆ ಹೋಗುತ್ತಾರೆ: ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಐಗಳ ಮಠದ, ಅಂದರೆ ಹಳೆಯ ಕಾಲದ ಊರಶಾಲೆಯ, ಪದ್ಧತಿಯೇ ಈಗ ಕಾಗದಕ್ಕೆ ಬಂದಿದೆ ಎಂಬುದು ಅವರ ವಾದ. ಈ ವಾದಕ್ಕೆ ಸುಲಭವಾಗಿ ತಲೆದೂಗುವ ವಿಮರ್ಶಕರು ‘ತಿದ್ದು’ ಎಂಬ ಕ್ರಿಯಾಪದವನ್ನು ಗಮನಿಸಿಲ್ಲ. ಕನ್ನಡದಲ್ಲಿ ಬರೆದದ್ದರ ಮೇಲೆ ಮತ್ತೆ ಬರೆಯುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಮರಳಿನಲ್ಲಿ ಗುರು ಎಳೆದ ಗೆರೆ ತುಂಡಾಗಿರುವುದಿಲ್ಲ. ಅದು ಎಲ್ಲಿಂದ ಹೊರಟು ಎಲ್ಲಿಗೆ ಬಂತೆಂಬುದು ಮಗುವಿನ ಕಣ್ಣೆದುರಿಗೇ ನಡೆದಿರುತ್ತದೆ. ಬೆರಳಿಗೆ ಮರಳಿನ ತಡೆ ಸಿಗುತ್ತದೆ. ಕೊನೆಗೆ ಎಲ್ಲವೂ ಅಳಿಸಿಹೋಗಿ ಮಗು ತಾನೇ ಬರೆಯಬೇಕಾಗುತ್ತದೆ. ಮಾಂಟೆಸ್ಸರಿಯವರ ಉಪ್ಪುಕಾಗದದ ಅಕ್ಷರಗಳಲ್ಲಿಯೂ ಬೆರಳು ಸಾಗುವುದು ಇಡಿಯಾದ ಗೆರೆಯ ಮೇಲೆ, ಅಕ್ಷರದ ಉಲಿಯ ಜೊತೆಗೆ. ಇಷ್ಟನ್ನು ಒಪ್ಪಿಯೂ ಹಳೆಯ ಮಠದ ಬಾಯಿಪಾಠವನ್ನೂ ಬೆತ್ತವನ್ನೂ ಮರಳಿ ತರಬೇಕಾಗಿಲ್ಲ. ಪರಂಪರೆಯನ್ನು ಹೊಗಳುವವರು ಇವೆರಡನ್ನೂ ಮರೆಸುತ್ತಾರೆ.

ಎದುರು ಪಕ್ಷದ ವಿಮರ್ಶಕರು ಇನ್ನೊಂದು ತುದಿಗೆ ಹೋಗಿ, ಮಣಿಕಟ್ಟಿನ ಎಂಟು ಮೂಳೆಗಳು ಈ ವಯಸ್ಸಿಗೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲವಾದ್ದರಿಂದ ಆರು ವರ್ಷದವರೆಗೆ ಬರಹದ ಸುದ್ದಿಯೇ ಬೇಡವೆನ್ನುತ್ತಾರೆ. ಮೂಳೆಗಳ ಸಂಗತಿ ನಿಜ, ಅದರಿಂದ ತೆಗೆದ ತೀರ್ಮಾನ ತಪ್ಪು. ಅದೇ ಕೈ ಅವರೆಕಾಯಿ ಸುಲಿಯುತ್ತದೆ, ಚಪಾತಿ ಹಿಟ್ಟನ್ನು ಹೊಸೆದು ಹಾವು ಮಾಡುತ್ತದೆ, ಹುಣಸೆಬೀಜವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಗುಳಿಗೆ ಹಾಕುತ್ತದೆ. ಪೆನ್ಸಿಲ್ ಹಿಡಿಯಲು ಬೇಕಾದ ಹಿಡಿತ ಪಳಗುವುದು ಇಂಥ ಕೆಲಸಗಳಲ್ಲಿ. ಬಿಡಬೇಕಾದದ್ದು ಬರಹವನ್ನಲ್ಲ, ಅಚ್ಚಿನ ಆಕಾರಕ್ಕೆ ಕಟ್ಟಿಹಾಕಿದ, ಆಯ್ಕೆಯೇ ಇಲ್ಲದ ಬರಹವನ್ನು. ಜೇಮ್ಸ್ ಮತ್ತು ಎಂಗೆಲ್‌ಹಾರ್ಟ್ ಅವರ 2012ರ ಪ್ರಯೋಗದಲ್ಲಿ, ಓದು ಬಾರದ ಪುಟ್ಟ ಮಕ್ಕಳು ಅಕ್ಷರವನ್ನು ತಾವೇ ಬರೆದಾಗ ಮೆದುಳಿನ ಓದಿನ ಭಾಗಗಳು ಮುಂದೆ ಆ ಅಕ್ಷರಕ್ಕೆ ಸ್ಪಂದಿಸಿದ ಬಗೆ, ಅಚ್ಚಿನ ಆಕಾರದ ಮೇಲೆ ತಿದ್ದಿದಾಗ ಕಾಣಲಿಲ್ಲ. ಮಕ್ಕಳ ಗುಂಪು ಚಿಕ್ಕದು, ಲಿಪಿ ರೋಮನ್; ಹಾಗಿದ್ದರೂ ಸೊಟ್ಟಗೆ ಬರೆದ ಅಕ್ಷರಕ್ಕೂ ಬೆಲೆಯಿದೆಯೆಂಬ ಈ ಸೂಚನೆಯನ್ನು ಕನ್ನಡದ ಪ್ರಕಾಶಕರು ತಳ್ಳಿಹಾಕುವಂತಿಲ್ಲ.

ಈ ಪುಸ್ತಕಗಳಿಗೂ ಒಂದು ಅನುಕೂಲವಿದೆಯೆನ್ನಬಹುದು: ಮೂವತ್ತು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳಬೇಕಾದ ಶಿಕ್ಷಕಿಗೆ ಅವು ಅರ್ಧ ಗಂಟೆಯ ಮೌನವನ್ನು ಕೊಡುತ್ತವೆ. ಆದರೆ ಆ ಮೌನದಲ್ಲಿ ಆಕೆಗೆ ಸಿಗುವ ಮಾಹಿತಿ ಏನೂ ಇಲ್ಲ. ಅದೇ ಮಗು ಸ್ಲೇಟಿನ ಮೇಲೆ ಬಳಪದಿಂದ ಬರೆದ ‘ರ’ದಲ್ಲಿ ಸುತ್ತು ಕೂಡದೆ ಉಳಿದಿದ್ದರೆ, ತಲಕಟ್ಟು ಪಕ್ಕಕ್ಕೆ ಜಾರಿದ್ದರೆ, ಕೈ ತಡವರಿಸಿದ ಜಾಗ ಕಣ್ಣಿಗೆ ಬೀಳುತ್ತದೆ, ಆಗ ಪಕ್ಕದಲ್ಲಿ ಕುಳಿತು ಇನ್ನೊಮ್ಮೆ ಬರೆದು ತೋರಿಸಿ, ಒರೆಸಿ, ಬಳಪವನ್ನು ಮತ್ತೆ ಮಗುವಿನ ಕೈಗೆ ಕೊಡಬಹುದು.