ಪರೈ ಪಕ್ಕದಲ್ಲಿ ಗಿಟಾರು: ಸ್ವತಂತ್ರ ಅಂದರೆ ಯಾರಿಂದ?

ದಲಿತರ ಹಾಡು ಸಿಕ್ಕರೆ ನಮ್ಮ ವಿಮರ್ಶಕರು ಮೊದಲು ಮಾಡುವ ಕೆಲಸ ಅದರ ಸಾಹಿತ್ಯವನ್ನು ಬೇರ್ಪಡಿಸಿ ಓದುವುದು. ಅದರಲ್ಲಿ ಆಕ್ರೋಶ ಇದೆ ಅಂತಾರೆ, ಪ್ರತಿಭಟನೆಯ ದನಿ ಇದೆ ಅಂತಾರೆ, ಅಲ್ಲಿಗೆ ಮುಗೀತು. ದನಿ ಎಂಬ ಪದ ಬಳಸಿದ ಮೇಲೂ ಆ ದನಿ ಹೇಗಿದೆ, ಎಲ್ಲಿ ಏರುತ್ತೆ, ಚರ್ಮದ ಮೇಲೆ ಕೋಲು ಬೀಳೋದು ಎಷ್ಟು ಹೊತ್ತಿಗೆ, ಅದನ್ನು ಒಂದು ವಾಕ್ಯದಲ್ಲೂ ಬರೆಯುವುದಿಲ್ಲ. ಇದೇ ಜನ ಮೈಲಾಪುರದ ಸಭೆಯಲ್ಲಿ ಕಛೇರಿ ಕೇಳಿ ಬಂದರೆ ಶ್ರುತಿ, ಮನೋಧರ್ಮ, ನಿರವಲ್ ಅಂತ ಎರಡು ಪುಟ ಬರೀತಾರೆ. ಕೀರ್ತನೆಯ ಅರ್ಥ ಏನು ಅಂತ ಕೇಳುವುದೇ ಇಲ್ಲ. ಅಂದರೆ ಒಬ್ಬರಿಗೆ ಕಲೆ, ಇನ್ನೊಬ್ಬರಿಗೆ ಸಂದೇಶ. ಈ ಪಾಲುಪಟ್ಟಿ ಯಾರು ಮಾಡಿದ್ದು? ದಲಿತ ವಿಮರ್ಶೆಯ ಈ ಸಂಚಿಕೆಗೆ ನಾನು ಒಂದು ರಾಕ್ ತಂಡದ ಬಗ್ಗೆ ಬರೆಯಲು ಹೊರಟಿದ್ದು ಈ ಕಾರಣಕ್ಕೆ. ನಾವಾದರೂ ಕಿವಿಕೊಟ್ಟು ಕೇಳೋಣ ಅಂತ.

ಚೆನ್ನೈನ 'ದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತನ್ನ ಮೊದಲ ಪ್ರದರ್ಶನ ಕೊಟ್ಟಿದ್ದು 2018ರ ಜನವರಿ 6ರಂದು, ಕಿಲ್ಪಾಕ್‌ನಲ್ಲಿ. ಸಿನಿಮಾ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ಮತ್ತು ಸ್ವತಂತ್ರ ಸಂಗೀತದ ಕಡೆಯಿಂದ ಬಂದ ತೆನ್ಮಾ ಸೇರಿ ಕಟ್ಟಿದ ತಂಡ ಇದು. ಹತ್ತೊಂಬತ್ತು ಜನ. ಸೂಟು ತೊಟ್ಟು ವೇದಿಕೆ ಹತ್ತಿದರು. ಆ ಸೂಟು ಯಾರ ನೆನಪು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾನಾ ಹಾಡುವವರು, ರ‍್ಯಾಪ್ ಮಾಡುವವರು, ಪರೈ ಮತ್ತು ಸಾವಿನ ಮನೆಯ ಇತರ ವಾದ್ಯದವರು ಒಂದು ಕಡೆ. ಗಿಟಾರು, ಡ್ರಮ್ಸು ಇನ್ನೊಂದು ಕಡೆ. ತಂಡದ ಹೆಸರು ಇಂಗ್ಲಿಷಿನಲ್ಲಿದ್ದರೂ ಬೇರು ಇಂಗ್ಲಿಷಿನದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ತನ್ನ ಜನರನ್ನು ಜಾತಿಭೇದವಿಲ್ಲದ ದ್ರಾವಿಡರು ಎಂದು ಕರೆದ ಪಂಡಿತ ಅಯೋತಿದಾಸರಿಂದ (1845–1914) ಬಂದಿದ್ದು. ಅಯೋತಿದಾಸರು ನಮಗೆ ಹೊರಗಿನವರೇನಲ್ಲ. ಅವರು 1898ರಲ್ಲಿ ಶುರು ಮಾಡಿದ ಬೌದ್ಧ ಸಂಘಕ್ಕೆ ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಗಟ್ಟಿ ನೆಲೆ ಇತ್ತು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಅಚ್ಚುಕೂಟದಲ್ಲಿ ಅವರ ಬರಹಗಳು ಅಚ್ಚಾದವು. ಕನ್ನಡ ದಲಿತ ಸಾಹಿತ್ಯ ಚರಿತ್ರೆ ಬರೆಯುವವರು 1973ರ ಬೂಸಾ ಪ್ರಕರಣದಿಂದ ಶುರು ಮಾಡ್ತಾರೆ. ನಮ್ಮ ನೆಲದ ಸುರಂಗದೊಳಗೇ ನಡೆದ ಈ ಓದು ಆ ಲೆಕ್ಕದಲ್ಲಿ ಬರೋದೇ ಇಲ್ಲ, ತಮಿಳಿನಲ್ಲಿತ್ತು ಅನ್ನೋ ಒಂದೇ ಕಾರಣಕ್ಕೆ.

ಈಗ ದನಿಗೆ ಬರೋಣ. ಪರೈ ನಮ್ಮ ಹಲಗೆಯ ಒಡಹುಟ್ಟು. ಮರದ ಬಳೆ, ಮೇಲೆ ದನದ ಚರ್ಮ, ಒಂದು ಗಿಡ್ಡ ದಪ್ಪ ಕೋಲು, ಒಂದು ಉದ್ದ ತೆಳು ಸೀಳು. ಬೆಂಕಿಗೆ ಹಿಡಿದು ಕಾಯಿಸಿದರೇ ಅದು ಮಾತಾಡೋದು. ಹಲಗೆ ಹೊಡೆಯುವವರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತು, ಬಾರಿಸುವುದಕ್ಕಿಂತ ಮುಂಚಿನ ಆ ಕಾಯಿಸುವಿಕೆಯಲ್ಲೇ ಅರ್ಧ ವಿದ್ಯೆ ಇದೆ. ಹೆಚ್ಚು ಕಾದರೆ ಚರ್ಮ ಸೀಳುತ್ತೆ, ಕಮ್ಮಿಯಾದರೆ ಸದ್ದು ಮಂಕು. ರಾಕ್ ತಂಡದ ಡ್ರಮ್ಸಿನಲ್ಲೂ ಇದೇ ಚುರುಕು ಸದ್ದಿನ ಒಂದು ಡೋಲು ಇರ್ತದೆ, ಸ್ನೇರ್ ಅಂತ. ಎರಡೂ ಕಿವಿಯ ಒಂದೇ ಜಾಗಕ್ಕೆ ಬಡಿಯುವ ಸದ್ದುಗಳು. ಹಾಗಾಗಿ ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟವನು ಯಾವುದಕ್ಕೆ ಜಾಗ ಬಿಡಬೇಕು ಅಂತ ತೀರ್ಮಾನಿಸಲೇಬೇಕು. ಇದು ತಾಂತ್ರಿಕ ಪ್ರಶ್ನೆಯಂತೆ ಕಂಡರೂ ನನಗೆ ಯಜಮಾನಿಕೆಯ ಪ್ರಶ್ನೆಯಾಗಿಯೇ ಕೇಳಿಸುತ್ತದೆ.

ತಂಡದ ಒಳ್ಳೆಯ ಹಾಡುಗಳಲ್ಲಿ ತೆನ್ಮಾ ಗಿಟಾರನ್ನು ಹಿಂದಕ್ಕೆ ಸರಿಸಿದ್ದಾರೆ. ಗಾನಾ ಹಾಡುಗಾರನ ಗಂಟಲು ಮುಂದೆ, ಪರೈ ಅವನ ಹೆಗಲಿಗೆ, ಗಿಟಾರು ದೂರದಲ್ಲಿ ಗುರುಗುಟ್ಟುತ್ತಾ ಇರುತ್ತೆ. ಮೀಸಲಾತಿಯ ಬಗೆಗಿನ 'ಕೋಟಾ' ಹಾಡು ಹೀಗಿದೆ. ಅದರಲ್ಲಿ ಆಕ್ರೋಶ ಹುಡುಕುವವರಿಗೆ ನಿರಾಸೆಯಾಗುತ್ತೆ. ಅಲ್ಲಿರೋದು ಗಾನಾದ ಕಿಡಿಗೇಡಿತನ, ಕೆಣಕುವ ನಗೆ, ಬೀದಿ ಮೂಲೆಯಲ್ಲಿ ನಿಂತು ಮಾತಿಗೆ ಮಾತು ಕೊಡುವ ಉತ್ತರ ಚೆನ್ನೈನ ಜಾಣ್ಮೆ. ಸಾವಿನ ಮನೆಯಲ್ಲಿ ರಾತ್ರಿಯಿಡೀ ಹಾಡಿ ಬೆಳೆದ ಪ್ರಕಾರ ಗಾನಾ. ಹೆಣದ ಮುಂದೆಯೂ ತಮಾಷೆ ಮಾಡಬಲ್ಲ ಜನ ಕಟ್ಟಿದ್ದು. 'ಜೈ ಭೀಮ್ ಆಂಥೆಮ್'ನಂಥ ಹಾಡುಗಳಿಗೆ ಬಂದಾಗ ಮಾತ್ರ ನನಗೆ ತಕರಾರಿದೆ. ಸಭೆಯನ್ನು ಎಬ್ಬಿಸಲು ಅದು ಬೇಕು, ಒಪ್ಪೋಣ. ಆದರೆ ಅಲ್ಲಿ ಗಿಟಾರು ಮುಂದೆ ನುಗ್ಗಿ, ಪರೈ ಹಿನ್ನೆಲೆಯ ಗದ್ದಲದಲ್ಲಿ ಕರಗಿಹೋಗುತ್ತೆ. ಘೋಷಣೆ ಗಟ್ಟಿಯಾದಷ್ಟೂ ವಾದ್ಯ ತೆಳ್ಳಗಾಗುತ್ತೆ. ನಮ್ಮ ಬಂಡಾಯದ ಕಾವ್ಯದಲ್ಲಿ ಇದೇ ಆಗಿತ್ತು ಅಲ್ವಾ? 'ಹೊಲೆಮಾದಿಗರ ಹಾಡು' (1975) ಬಂದಾಗ ಸಿದ್ಧಲಿಂಗಯ್ಯನವರ ಸಾಲುಗಳಿಗೆ ತಮಟೆಯ ನಡೆಯಿತ್ತು, ಕೇರಿಯ ಮಾತಿನ ಏರಿಳಿತ ಇತ್ತು. ಅವರನ್ನು ಅನುಕರಿಸಿದವರು ಕೂಗನ್ನಷ್ಟೇ ಎತ್ತಿಕೊಂಡರು.

ರಾಕ್ ಪಾಶ್ಚಾತ್ಯರದು, ನಮಗ್ಯಾಕೆ ಅನ್ನುವ ದೇಸಿವಾದಿಗಳು ನಮ್ಮ ಚಳುವಳಿಯೊಳಗೂ ಇದ್ದಾರೆ. ಅವರಿಗೊಂದು ಮಾತು. ರಾಕ್ ಯಾರದು? ಎಲ್ವಿಸ್ ಪ್ರೀಸ್ಲಿ 1956ರಲ್ಲಿ ಹಾಡಿ ಲೋಕಪ್ರಸಿದ್ಧ ಮಾಡಿದ 'ಹೌಂಡ್ ಡಾಗ್' ಹಾಡನ್ನು 1952ರಲ್ಲೇ ಧ್ವನಿಮುದ್ರಿಸಿದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕಪ್ಪು ಹೆಂಗಸು. ಅದೇ ಎಲ್ವಿಸ್‌ನ 1954ರ ಮೊದಲ ತಟ್ಟೆಯ ಹಾಡು ಆರ್ಥರ್ ಕ್ರುಡಪ್ 1946ರಲ್ಲಿ ಹಾಡಿದ್ದು. ಕ್ರುಡಪ್ ತನಗೆ ಬರಬೇಕಾದ ಗೌರವಧನಕ್ಕಾಗಿ ಹೋರಾಡುತ್ತಲೇ ಬಡತನದಲ್ಲಿ ಸತ್ತ. ಚರ್ಚಿನ ಹಾಡಿಗೆ ವಿದ್ಯುತ್ ಗಿಟಾರು ಜೋಡಿಸಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ 1973ರಲ್ಲಿ ತೀರಿಕೊಂಡರು. ರಾಕ್ ಸಂಗೀತದ ಗೌರವ ಭವನ ಅವರನ್ನು ಒಳಗೆ ಸೇರಿಸಿಕೊಂಡಿದ್ದು 2018ರಲ್ಲಿ. ಹಾಗಿರುವಾಗ ಪರೈ ಪಕ್ಕದಲ್ಲಿ ಗಿಟಾರು ನಿಂತರೆ ಅದು ಪೂರ್ವ-ಪಶ್ಚಿಮಗಳ ಮಿಲನ ಅಲ್ಲವೇ ಅಲ್ಲ. ದುಡಿದವರ ಕೈಯಿಂದ ಕಿತ್ತುಕೊಂಡ ಎರಡು ವಾದ್ಯಗಳು ಒಂದನ್ನೊಂದು ಗುರುತು ಹಿಡಿದದ್ದು. ಆದರೆ ಈ ಗುರುತನ್ನು ರಮ್ಯವಾಗಿಸುವುದು ಬೇಡ. ಗಿಟಾರು ಭಾರತಕ್ಕೆ ಕ್ರುಡಪ್‌ನ ಕೈಯಿಂದ ಬರಲಿಲ್ಲ. ಇಂಗ್ಲಿಷ್ ಮೀಡಿಯಂ ಕಾಲೇಜುಗಳ ಉತ್ಸವಗಳಿಂದ, ವಾದ್ಯ ಕೊಳ್ಳಲು ದುಡ್ಡಿದ್ದ ಮನೆಗಳಿಂದ ಬಂತು. ನಮ್ಮಲ್ಲಿ ಕನ್ನಡ ರಾಕ್ ಅಂದರೆ ಇವತ್ತಿಗೂ ಬಹುಪಾಲು ಶರೀಫರ ತತ್ವಪದಕ್ಕೆ ಗಿಟಾರು ಕಟ್ಟುವುದೇ. ಶರೀಫರು ಯಾರನ್ನೂ ಬೈದಂತೆ ಕೇಳಿಸುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಸಾವಿಗೆ, ಜಾತ್ರೆಗೆ ಹಲಗೆ ಬಡಿಯುವುದಿಲ್ಲ ಎಂದು ನಿಲ್ಲಿಸಿದ್ದೇ ನಮ್ಮ ಎಷ್ಟೋ ಊರುಗಳಲ್ಲಿ ಚಳುವಳಿಯ ಮೊದಲ ಹೆಜ್ಜೆ. ತಮಿಳುನಾಡಿನಲ್ಲೂ ಹಾಗೇ, ಪರೈ ಬಾರಿಸಲ್ಲ ಎಂದಿದ್ದಕ್ಕೆ ಕೇರಿಗಳು ಹೊಡೆತ ತಿಂದಿವೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದಿದ್ದರ ಮುಂದುವರಿಕೆ ಅದು. ಹಾಗಾದರೆ ಬಿಟ್ಟ ವಾದ್ಯವನ್ನು ಮತ್ತೆ ಎತ್ತಿಕೊಳ್ಳುವುದು ಅಂದರೇನು? ಡಿ.ಆರ್. ನಾಗರಾಜ್ 'ದ ಫ್ಲೇಮಿಂಗ್ ಫೀಟ್' (1993) ಪುಸ್ತಕದಲ್ಲಿ ದಲಿತ ಚಳುವಳಿಗೂ ದಲಿತರ ಸಾಂಸ್ಕೃತಿಕ ನೆನಪಿಗೂ ಇರುವ ಈ ಇಕ್ಕಟ್ಟನ್ನು ಚರ್ಚಿಸಿದ್ದಾರೆ. ನಮ್ಮಲ್ಲಿ ಆ ಚರ್ಚೆ ಪುಸ್ತಕದಿಂದಾಚೆಗೆ ಹೆಚ್ಚು ಬೆಳೆಯಲಿಲ್ಲ. ನಾನು ಪಾಠ ಮಾಡುವ ಕಡೆ ಒಮ್ಮೆ ಕಾಲೇಜಿನ ಜಾನಪದ ದಿನಾಚರಣೆಗೆ ತಮಟೆ ತಂಡ ಕರೆಸಿದ್ದರು. ಮುಂದೆ ನಿಂತು ಬಾರಿಸುತ್ತಿದ್ದವರು ನನ್ನ ತರಗತಿಯ ಹುಡುಗನೊಬ್ಬನ ಚಿಕ್ಕಪ್ಪ. ಹುಡುಗ ಆವತ್ತು ಗ್ರಂಥಾಲಯದಿಂದ ಹೊರಗೆ ಬರಲಿಲ್ಲ. ಮೆರವಣಿಗೆಯಲ್ಲಿ ರೇಷ್ಮೆ ಪಂಚೆ ಉಟ್ಟು ಕುಣಿದವರಿಗೆ ಅದು ಜಾನಪದ. ಅವನಿಗೆ ಅದು ಊರಲ್ಲಿ ಹೆಣದ ಮುಂದೆ ನಡೆದ ಅಪ್ಪ. ಆಮೇಲೆ ಒಂದು ದಿನ ಅವನೇ ಬಂದು, 'ಸರ್, ಆ ಚೆನ್ನೈನೋರು ಸೂಟ್ ಹಾಕ್ಕೊಂಡು ಹೊಡೀತಾರಲ್ಲ, ಅವರನ್ನ ಹೆಣದ ಮುಂದೆ ಹೊಡೀರಿ ಅಂತ ಯಾರೂ ಕರೆಯಲ್ವಾ?' ಅಂದ. ಈ ತಂಡದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೇರವಾಗಿ ಕೇಳಿಲ್ಲ. ವಾದ್ಯ ವೇದಿಕೆಗೆ ಬಂದಿತು ಸರಿ, ಬಾರಿಸುವವನು ಹಳೆಯ ಕರೆಯಿಂದ ಬಿಡುಗಡೆಯಾಗಿ ಬಂದನೋ, ಕರೆಯುವವರಷ್ಟೇ ಬದಲಾದರೋ?

'ಸ್ವತಂತ್ರ ಸಂಗೀತ' ಎಂಬ ಮಾತು ಇಲ್ಲೇ ಕೈಕೊಡುತ್ತೆ. ಆ ವಲಯದವರಿಗೆ ಸ್ವತಂತ್ರ ಅಂದರೆ ದೊಡ್ಡ ಧ್ವನಿಮುದ್ರಣ ಕಂಪನಿಯಿಂದ, ಸಿನಿಮಾದಿಂದ ಸ್ವತಂತ್ರ. ಹಲಗೆಯವನಿಗೆ ಆ ಮಾತಿನ ಅರ್ಥವೇ ಬೇರೆ. ಅವನು ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಆಯ ಇಸಿದುಕೊಂಡವನು. ಅವನ ಕಲೆಗೆ ಬೆಲೆ ಕಟ್ಟುತ್ತಿದ್ದವನು ಗೌಡನೇ, ಕೇಳುಗನಲ್ಲ. ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಸಿನಿಮಾದವರ ಹಣ ಮತ್ತು ಹೆಸರಿನ ಬಲದಿಂದ ಎದ್ದು ನಿಂತಿತು ಅಂತ ಸ್ವತಂತ್ರ ಸಂಗೀತದ ಶುದ್ಧಿವಾದಿಗಳು ಮೂಗು ಮುರಿಯುವುದುಂಟು. ನನಗೆ ಅದು ದೋಷವಾಗಿ ಕಾಣುವುದಿಲ್ಲ. ಅಪ್ಪನ ಮನೆಯ ಮಾಳಿಗೆಯಲ್ಲಿ ತಾಲೀಮು ಮಾಡಿದವರು ಯಾರಿಂದಲೂ ಹಣ ಪಡೆಯಲಿಲ್ಲ ಅಂದುಕೊಳ್ಳುವುದು ಸುಲಭ.

ಆದರೆ ತಂಡದಿಂದ ಹೊರಬಂದ ಮೇಲೆ ಏನಾಗುತ್ತೆ ಅನ್ನುವುದಕ್ಕೆ ಅರಿವು ಅವರ ದಾರಿ ನೋಡಬೇಕು. ಈ ತಂಡದ ರ‍್ಯಾಪ್ ಕವಿ ಅರಿವು 2019ರಲ್ಲಿ ಆಫ್ರೋ ಜೊತೆ 'ತೆರುಕ್ಕುರಳ್' ಎಂಬ ಆಲ್ಬಂ ತಂದರು. 'ತಿರು' ಇದ್ದಲ್ಲಿ 'ತೆರು', ಅಂದರೆ ಬೀದಿ. 2021ರ ಮಾರ್ಚಿನಲ್ಲಿ ಬಂದ 'ಎಂಜಾಯ್ ಎಂಜಾಮಿ' ದೇಶವೆಲ್ಲ ಕುಣಿದ ಹಾಡು. ಎಂಜಾಮಿ ಅಂದರೆ ನನ್ನ ಸ್ವಾಮಿ. ನಮ್ಮ ಹಿರಿಯರು ಗೌಡರ ಮುಂದೆ 'ಬುದ್ಧೀ' ಅಂತಿದ್ದ ಹಾಗೆ. ಆ ಪದವನ್ನು ಅಜ್ಜಿ ಮೊಮ್ಮಗನನ್ನು ಮುದ್ದಿಸಲು ಬಳಸಿದಳು ಎಂಬಲ್ಲಿ ಹಾಡಿನ ಜೀವ ಇದೆ. ಅಜ್ಜಿ ವಳ್ಳಿಯಮ್ಮಾಳ್ ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದವರು. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದ 5,25,000 ಜನರನ್ನು ಭಾರತಕ್ಕೆ, 3,00,000 ಜನರನ್ನು ಲಂಕೆಗೆ ಎಂದು ಧಾನ್ಯದ ಚೀಲದಂತೆ ಎಣಿಸಿ ಹಂಚಿತ್ತು. ಆ ಎಣಿಕೆಯ ಜನರ ಒಪ್ಪಾರಿ, ಅಂದರೆ ಸಾವಿನ ಅಳುಹಾಡು, ಈ ಹಾಡಿನೊಳಗೆ ಇದೆ. ಕುಣಿದವರಿಗೆ ಅದು ಕೇಳಿಸಿತೋ ಇಲ್ಲವೋ.

ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟದಲ್ಲಿ ಈ ಹಾಡಿನ ಸಹಗಾಯಕಿ ಧೀ ಮತ್ತು ಶಾನ್ ವಿನ್ಸೆಂಟ್ ಡಿ ಪೌಲ್ ಇದ್ದರು, ಅರಿವು ಇರಲಿಲ್ಲ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿದ ಮೇಲೆ ಪತ್ರಿಕೆ ಅವರಿಗೂ ಒಂದು ಮುಖಪುಟ ಮಾಡಿತು. 2022ರ ಜುಲೈನಲ್ಲಿ ಚೆನ್ನೈ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಅರಿವು ಇಲ್ಲದೆಯೇ ಹಾಡು ನಡೆಯಿತು. ಬರೆದದ್ದು, ರಾಗ ಕೂಡಿಸಿದ್ದು, ಹಾಡಿದ್ದು ನಾನು ಅಂತ ಅರಿವು ಹೇಳಿದರು. ಅದು ಎಲ್ಲರೂ ಸೇರಿ ಮಾಡಿದ ಕೆಲಸ ಅಂತ ಸಂಗೀತ ನಿರ್ದೇಶಕ ಸಂತೋಷ್ ನಾರಾಯಣನ್ ಹೇಳಿದರು. 2024ರ ಮಾರ್ಚಿನಲ್ಲಿ ಅದೇ ಸಂತೋಷ್, ಈ ಹಾಡಿನಿಂದ ತಮಗ್ಯಾರಿಗೂ ಒಂದು ಪೈಸೆ ಬಂದಿಲ್ಲ ಎಂದೂ ಬಹಿರಂಗವಾಗಿ ಹೇಳಿದರು. ಯಾರು ಸರಿ ಅಂತ ತೀರ್ಪು ಕೊಡುವುದು ಇಲ್ಲಿ ನನ್ನ ಕೆಲಸವಲ್ಲ. ಇಡೀ ಜಗಳದಲ್ಲಿ ಯಾರೂ ಎತ್ತದ ಪ್ರಶ್ನೆ ಇದು: ಒಪ್ಪಾರಿ ಯಾರದು? 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನಕಾರನಿಗೂ ಸಂಗೀತ ಸಂಯೋಜಕನಿಗೂ ಗೌರವಧನದ ಹಕ್ಕು ಭದ್ರ ಮಾಡಿತು. ಅದೂ ಹೋರಾಡಿ ಪಡೆದಿದ್ದೇ. ಆದರೆ ಆ ಕಾನೂನಿಗೆ ಕರ್ತೃ ಬೇಕು, ಹೆಸರು ಬೇಕು. ಸತ್ತವರ ತಲೆಯ ಹತ್ತಿರ ಕೂತು ಎದೆ ಬಡಿದುಕೊಂಡು ರಾಗ ಕಟ್ಟಿದ ಹೆಂಗಸರಿಗೆ ಅದರಲ್ಲಿ ಕಲಮು ಇಲ್ಲ. ಅರಿವು ಕೇಳುತ್ತಿರುವುದು ತನ್ನ ಹೆಸರನ್ನು, ಕೇಳಬೇಕಾದ್ದೇ. 2024ರ ಅವರ ಆಲ್ಬಮ್ಮಿನ ಹೆಸರು 'ವಳ್ಳಿಯಮ್ಮಾ ಪೇರಾಂಡಿ', ವಳ್ಳಿಯಮ್ಮನ ಮೊಮ್ಮಗ. ಸಹಿ ಹಾಕುವಾಗ ತನ್ನ ಹೆಸರಿಗೆ ಮುಂಚೆ ಅಜ್ಜಿಯ ಹೆಸರು ಬರೆದದ್ದು ಕಾನೂನಿನ ಆ ಖಾಲಿ ಜಾಗಕ್ಕೆ ಅವರು ಕೊಟ್ಟ ಉತ್ತರ ಅಂತ ನಾನು ಓದುತ್ತೇನೆ.

ಈ ತಂಡದ ಹೆಂಗಸಿನ ಮಾತು ಇನ್ನೂ ಆಡಿಲ್ಲ. ಗಾನಾ ಗಂಡಸರ ಪ್ರಕಾರ. ಅದರಲ್ಲಿ ಇಸೈವಾಣಿ ನಿಂತು ಹಾಡಿದರು, 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲೂ ಬಂದರು. ಶಬರಿಮಲೆ ತೀರ್ಪಿನ ವರ್ಷ 2018ರಲ್ಲಿ ತಂಡ ಕಟ್ಟಿದ 'ಐ ಯಾಮ್ ಸಾರಿ ಅಯ್ಯಪ್ಪ' ಹಾಡನ್ನು ಹಾಡಿದ್ದು ಅವರು. ಆರು ವರ್ಷ ಸುಮ್ಮನಿದ್ದು 2024ರ ನವೆಂಬರಿನಲ್ಲಿ ಅದನ್ನು ಕೆದಕಿ ಪೊಲೀಸರಿಗೆ ದೂರು ಕೊಟ್ಟರು, ಬೆದರಿಕೆ ಹಾಕಿದರು. ಹಾಡು ತಂಡದ್ದಾದರೂ ಬೈಗುಳ ಬಂದದ್ದು ಅವರೊಬ್ಬರಿಗೇ ಹೆಚ್ಚು. ಸಂದೇಶವನ್ನಷ್ಟೇ ಓದಿದ ವಿಮರ್ಶಕರು ಆವತ್ತು ಹೇಳಿಕೆಗಳಿಗೆ ಸಹಿ ಹಾಕಿದರು, ಒಳ್ಳೆಯದೇ. ಆ ಹಾಡಿನಲ್ಲಿ ಇಸೈವಾಣಿಯ ಗಂಟಲು ಕ್ಷಮೆ ಕೇಳುವ ಪದವನ್ನು ಎಳೆದು, ಕ್ಷಮೆಯೇ ಅಲ್ಲವೆಂಬಂತೆ ತಿರುಗಿಸುವ ಬಗೆಯನ್ನು ಯಾರೂ ಬರೆಯಲಿಲ್ಲ. ಬೆದರಿಕೆ ಹಾಕಿದವರು ಅದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದರು.